ದೀಪ ಮುಟ್ಟದ ಅಳಿಯ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಗೆಳೆಯ ಸುಧಾಕರನ ಜೊತೆ ಜಯಪುರದ ಅವನ ಮಾವನ ಮನೆಗೆ ಹೋಗಿದ್ದೆ. ಸಿಟ್ಟಿನಲ್ಲಿ ತವರು ಸೇರಿದ ಹೆಂಡತಿಯನ್ನು ಅವನು ಕರೆತರಬೇಕಿತ್ತು. ಜೀಪು ಮಗುಚಿ ಸೊಂಟ ಮುರಿದಾಗ ಶುರುವಾದ ನೋವಿನ ಇಂಜೆಕ್ಷನ್ ಅವನಿಗೆ ಚಟವಾಗಿಬಿಟ್ಟಿತ್ತು. ಈಗ ಆ ಚಟ ಬಿಡಿಸಲು ಶಿವಮೊಗ್ಗದ ಡಾಕ್ಟರು ಕೊಟ್ಟ ಮಾತ್ರೆಯನ್ನು ದಿನಾ ನಾಲಿಗೆಯಡಿ ಇಟ್ಟುಕೊಳ್ಳುತ್ತಾನೆ. ಆರು ತಿಂಗಳಿಂದ ಸೂಜಿ ಮುಟ್ಟಿಲ್ಲ.

ಮಾವ ದೇವರ ಮುಂದೆ ದೀಪ ಹಚ್ಚಿದರು.

"ಮುಟ್ಟಿ ಆಣೆ ಮಾಡು ಮಾರಾಯ, ಇವತ್ತಿಂದ ಆ ಮಾತ್ರೆಯನ್ನೂ ಬಿಟ್ಟೆ ಅಂತ. ಅದೂ ಅದೇ ಜಾತಿಯ ಮದ್ದಂತೆ."

"ಡಾಕ್ಟ್ರು ಹೇಳೋ ತನಕ ಬಿಡೋದಿಲ್ಲ ಮಾವ. ಬಿಟ್ರೆ ಮತ್ತೆ ಸೂಜಿಗೇ ಹೋಗ್ತೇನೆ."

"ಹಿಂದೆ ಮೂರು ಸಲ ಸೂಜಿ ಬಿಟ್ಟೆ ಅಂತ ಆಣೆ ಮಾಡಿದ್ಯಲ್ಲ, ಈಗ ಎಂತ ಧಾಡಿ?"

"ಆ ಮೂರೂ ಸುಳ್ಳು, ಮಾವ."

ಮಾವ ಎದ್ದು ತೋಟಕ್ಕೆ ನಡೆದುಬಿಟ್ಟರು. ಬಟ್ಟೆ ಚೀಲ ತುಂಬಿಸಿಕೊಂಡು ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಇನ್ನೊಂದು ಸುಳ್ಳು ಹೇಳಿದ್ರೆ ನಿಮ್ದು ಎಂತ ಹೋಗ್ತಿತ್ತು?" ಎಂದು ಕೇಳಿ, ಚೀಲದ ಸಮೇತ ಒಳಗೆ ಹೋದಳು.

ಮೂರು ಸಲ ಸುಳ್ಳು ಹೇಳಿ ಹೆಂಡತಿಯನ್ನು ಕರೆತಂದವನು, ಇವತ್ತು ನಿಜ ಹೇಳಿ ನನ್ನನ್ನು ಕರೆದುಕೊಂಡು ಬಂದ.