ಲೈಸೆನ್ಸ್ ಮಾಡಿಸಿದ ಎದುರು ಪಾರ್ಟಿ

ನನ್ನ ಮೊದಲ ಲ್ಯಾಪ್‌ಟಾಪು ಕಿತ್ತೂರಿನಿಂದ ಬಂತು. ಅಲ್ಲಿದ್ದ ವಿಮಾ ಅಧಿಕಾರಿಯೊಬ್ಬರಿಗೆ ವರ್ಗವಾಗಿತ್ತು. ಮಂಚ, ಮಿಕ್ಸರು, ಲ್ಯಾಪ್‌ಟಾಪು ಮೂರನ್ನೂ ಮಾರಿ ಹೋಗುವ ಅವಸರದಲ್ಲಿದ್ದರು. ಮಂಚ ನೋಡಿಬರಲು ಹೋದ ನಾನು ಲ್ಯಾಪ್‌ಟಾಪನ್ನು ಕೂಸಿನ ಹಾಗೆ ಎದೆಗವಚಿಕೊಂಡು ಬೈಲಹೊಂಗಲದ ಬಸ್ಸು ಹತ್ತಿದೆ. ಎರಡು ಸಾವಿರದ ಇಸವಿಯ ಮೊದಲ ದಶಕ ಮುಗಿಯಲು ಬಂದಿತ್ತು. ನಾನು ವಕೀಲಿ ಶುರುಮಾಡಿ ಹೆಚ್ಚು ಕಾಲವಾಗಿರಲಿಲ್ಲ. ಬಜಾರಿನಲ್ಲಿ ಕಾಳಿನ ಅಂಗಡಿಯೊಂದರ ಮೇಲಿನ ಕೋಣೆಯೇ ನನ್ನ ಆಫೀಸು. ಕೆಳಗೆ ಕಡಲೆ ಚೀಲ ಕೊಡವಿದರೆ ಮೇಲೆ ನಾನು ಸೀನುತ್ತಿದ್ದೆ.

ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು. ಬಾಗಿಲ ಬಳಿಯ ಪ್ಲಗ್ಗಿಗೆ ಚುಚ್ಚಿದರಷ್ಟೇ ಜೀವ. ಆದರೂ ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಪಾಳಿ ಹಚ್ಚುವುದು ತಪ್ಪಿತಲ್ಲ ಎಂದು ನನಗೆ ಹಿಗ್ಗೋ ಹಿಗ್ಗು. ಕಕ್ಷಿದಾರರು ಬಂದರೆ ಕೆಲಸವಿಲ್ಲದಿದ್ದರೂ ಅದನ್ನು ತೆರೆದು ಟಕಟಕ ಮಾಡುತ್ತಿದ್ದೆ.

ಹೊಸದರಲ್ಲಿ ಅದು ಸುಮ್ಮನಿತ್ತು. ಒಮ್ಮೆ ಅಂಗಡಿಯೊಂದರಲ್ಲಿ ಇಂಟರ್‌ನೆಟ್ಟಿಗೆ ಜೋಡಿಸಿದ್ದೇ ತಡ, ಪರದೆಯ ಮೂಲೆಯಲ್ಲಿ ಇಂಗ್ಲಿಷಿನ ಸಾಲೊಂದು ಕಾಣಿಸಿಕೊಳ್ಳತೊಡಗಿತು. ಈ ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಅಸಲಿಯಲ್ಲ, ನೀವು ನಕಲಿ ಮಾಲಿನ ಮೋಸಕ್ಕೆ ಬಲಿಯಾಗಿರಬಹುದು ಎಂಬುದು ಅದರ ತಾತ್ಪರ್ಯ. ಪೂರ್ತಿ ಓದದೆ, ಯಾವುದೋ ಜಾಹೀರಾತು ಇರಬೇಕೆಂದುಕೊಂಡು, ನೊಣ ಓಡಿಸಿದಂತೆ ಅದನ್ನು ಪ್ರತಿಸಲ ಒತ್ತಿ ಮುಚ್ಚುತ್ತಿದ್ದೆ.

ಆಗ ನನ್ನ ಬಳಿ ಬಂದ ದೊಡ್ಡ ಕೆಲಸವೆಂದರೆ ಶೇಂಗಾ ಚಟ್ನಿಯದು. ಸವದತ್ತಿಯಲ್ಲಿ ಒಬ್ಬ ಹೆಂಗಸು ಮನೆಯಲ್ಲೇ ಶೇಂಗಾ ಚಟ್ನಿ ಕುಟ್ಟಿ, ಪೊಟ್ಟಣ ಕಟ್ಟಿ ಸುತ್ತಲಿನ ಊರುಗಳಿಗೆ ಕಳಿಸುತ್ತಿದ್ದರು. ಹಳದಿ ಕಾಗದದ ಮೇಲೆ ಒರಳು, ಒನಕೆ, ಒನಕೆ ಹಿಡಿದ ಎರಡು ಕೈ, ಕೈತುಂಬ ಹಸಿರು ಬಳೆ: ಇದು ಅವರ ಲೇಬಲ್ಲು. ಎಲ್ಲರೂ ಅವರನ್ನು ಚಟ್ನಿ ಅಕ್ಕಾರು ಎನ್ನುತ್ತಿದ್ದರು. ರಾಮದುರ್ಗದ ಕಿರಾಣಿ ಅಂಗಡಿಯ ಸಾಹುಕಾರರೊಬ್ಬರು ಅದೇ ಹಳದಿ, ಅದೇ ಒರಳು, ಅದೇ ಬಳೆ ಹಾಕಿಸಿ ತಮ್ಮ ಚಟ್ನಿ ಮಾರಲು ಶುರುಮಾಡಿದ್ದರು.

"ಬಳಿ ಸುದ್ದಾ ಬಿಟ್ಟಿಲ್ಲ ನೋಡವಾ ಆ ಗಂಡಸು! ನನ್ನ ಕೈಯಾನ ಬಳಿ!" ಎಂದು ಅಕ್ಕಾರು ನನ್ನ ಟೇಬಲ್ಲಿಗೆ ಎರಡೂ ಪೊಟ್ಟಣ ಬಡಿದರು.

ನಾನು ಸಾಹುಕಾರರಿಗೆ ಖಡಕ್ಕಾದ ನೋಟೀಸು ಕಳಿಸಿದೆ. 'ನಕಲಿ' ಎಂಬ ಪದವನ್ನು ಅದರಲ್ಲಿ ಮನಸಾರೆ ಬಳಸಿದ್ದೆ. ಅವರು ಉತ್ತರ ಬರೆಯುವ ಬದಲು ತಾವೇ ಬಂದರು. ಬಿಳಿ ಟೊಪ್ಪಿಗೆ, ದಪ್ಪ ಮೀಸೆ, ಮುಗಿದ ಕೈ.

"ತಪ್ಪಾಗೇತ್ರಿ ವಕೀಲ ಬಾಯಾರ. ಹೆಂಗರ ಮಾಡಿ ಹೊಂದಿಸ್ರಿ."

ಗೆದ್ದ ಹುರುಪಿನಲ್ಲಿ ನಾನು, "ಕುಂತ್ರಿ, ಈಗಿಂದೀಗ ಒಪ್ಪಂದ ಬರೀತೇನಿ" ಎಂದು ಲ್ಯಾಪ್‌ಟಾಪು ತೆರೆದೆ. ಅವರು ಕುರ್ಚಿ ಸರಿಸಿಕೊಂಡು ಪರದೆಗೆ ಇಣುಕಿದರು. ಸೊಲ್ಲಾಪುರದವರೆಗೆ ವ್ಯಾಪಾರ ಮಾಡಿದ ಮನುಷ್ಯ, ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ ಓದುವಷ್ಟು ಬಲ್ಲರು. ಮೂಲೆಯ ಸಾಲನ್ನು ತುಟಿಯಾಡಿಸುತ್ತ ಓದಿದರು. ಇನ್ನೊಮ್ಮೆ ಓದಿದರು. ಮುಗಿದಿದ್ದ ಕೈ ಬಿಚ್ಚಿಕೊಂಡಿತು.

"ಬಾಯಾರ, ಇದು ಏನೋ ನಕಲಿ ಅನ್ನಾಕತ್ತೇತಲ್ರಿ?"

"ಅದೇನಿಲ್ಲ ಬಿಡ್ರಿ. ಜಾಹೀರಾತು."

"ಜಾಹೀರಾತು ಅಲ್ರಿ. ಮಿಶಿನ್ ತನ್ನ ಬಾಯಿಲೆ ತಾನ ಹೇಳತೈತಿ, ನಾ ಅಸಲಿ ಅಲ್ಲಂತ. ನನ್ನ ಚಟ್ನಿ ಪಾಕೀಟರ ಬಾಯಿ ಮುಚ್ಚಿಕೊಂಡು ಕುಂತೈತ್ರಿ!"

ಆಗಷ್ಟೇ ನಾನು ಆ ಸಾಲನ್ನು ಸರಿಯಾಗಿ ಓದಿದ್ದು. ಕಿವಿ ಬಿಸಿಯಾಯಿತು. ಸಾಹುಕಾರರು ಟೊಪ್ಪಿಗೆ ಸರಿಪಡಿಸಿಕೊಂಡು ಎದ್ದು ನಿಂತರು. ಬಂದಾಗ ಇದ್ದುದಕ್ಕಿಂತ ಒಂದು ಗೇಣು ಎತ್ತರ ಕಂಡರು.

"ನೀವು ಮೊದಲ ನಿಮ್ಮದನ್ನ ಅಸಲಿ ಮಾಡ್ಕೊಳ್ರಿ. ಆ ಮ್ಯಾಲ ಕರೀರಿ, ಬರತೇನಿ. ನನ್ನ ಲೇಬಲ್ಲು ನಾನ ಕೈಯಾರೆ ಕೀಳತೇನಿ. ಮಾತಂದ್ರ ಮಾತ!"

ಮೆಟ್ಟಿಲು ಇಳಿಯುವಾಗ ಅವರು ನಗುತ್ತಿದ್ದುದು ಕೇಳಿಸಿತು.

ಲ್ಯಾಪ್‌ಟಾಪು ಮಾರಿದ ಅಧಿಕಾರಿಗೆ ಫೋನು ಮಾಡಿದೆ. ಮಾರುವ ಮೊದಲು ತಮ್ಮ ಫೈಲುಗಳನ್ನೆಲ್ಲ ಅಳಿಸಲು ಯಾರಿಗೋ ಕೊಟ್ಟಿದ್ದರಂತೆ. ಆ ಪುಣ್ಯಾತ್ಮ ಎಲ್ಲವನ್ನೂ ಒರೆಸಿ, ತನ್ನ ಬಳಿಯಿದ್ದ ಪುಕ್ಕಟೆ ನಕಲು ತುಂಬಿ ಕೊಟ್ಟಿದ್ದ. "ಕೆಳಗ ಒಂದು ಚೀಟಿ ಅಂಟಿಸಿರತೈತ್ರಿ ಮೇಡಂ, ಅಸಲಿ ಲೈಸೆನ್ಸಿಂದು. ಅದರ ನಂಬರು ಹಾಕಿದ್ರ ಆತು" ಎಂದರು ಅವರು. ಬೋರಲು ಮಾಡಿ ನೋಡಿದೆ. ಚೀಟಿಯೇನೋ ಇತ್ತು. ವರ್ಷಗಟ್ಟಲೆ ಅವರ ತೊಡೆಯ ಮೇಲೆ ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು. ಬಿಸಿಲಿಗೆ ಹಿಡಿದರೂ ಒಂದಕ್ಷರ ಕಾಣಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋಗಿ, ಆಪರೇಟಿಂಗ್ ಸಿಸ್ಟಮ್ ಬೇಕು, ಲೈಸೆನ್ಸ್ ಇರುವುದು, ಎಂದೆ.

"ಅದಕ್ಕೇನ್ ಬಿಡ್ರಿ, ಇಲ್ಲೇ ಹಾಕಿಕೊಡತೇನಿ. ಚಹಾ ಕುಡಿಯೂದ್ರಾಗ ಆಗತೈತಿ."

"ಲೈಸೆನ್ಸ್ ಇದ್ದದ್ದು."

"ಇದೂ ಒರಿಜಿನಲ್ ಇದ್ದಂಗ ಐತ್ರಿ."

"ಇದ್ದಂಗ ಬ್ಯಾಡ. ಒರಿಜಿನಲ್ ಬೇಕು. ರಸೀದಿ, ಡಬ್ಬಿ ಸಮೇತ."

ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ದನಿ ತಗ್ಗಿಸಿ, "ಮ್ಯಾಡಂ, ಯಾರರ ಕಂಪ್ಲೇಂಟ್ ಮಾಡ್ಯಾರೇನ್ರಿ?" ಎಂದರು. ಇಲ್ಲ, ನನಗೇ ಬೇಕು ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಬೆಲೆ ಹೇಳಿದಾಗ ನನಗೂ ನನ್ನ ಮೇಲೆ ನಂಬಿಕೆ ಹೋಗುವಂತಿತ್ತು. ಸಾಹುಕಾರರ ಮೀಸೆಯನ್ನು ನೆನೆಸಿಕೊಂಡು ಹೂಂ ಅಂದೆ.

ಡಬ್ಬಿ ಹುಬ್ಬಳ್ಳಿಯಿಂದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಬಂತು. ಅಂಗಡಿಯವರು ಅದನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು, ಮಿರಮಿರ ಮಿಂಚುವ ಚೀಟಿಯನ್ನು ಅತ್ತ ಇತ್ತ ಓರೆಮಾಡಿ ನೋಡಿದರು. "ಇಷ್ಟು ವರ್ಷದ ಧಂದೇದಾಗ ನಾನೂ ಇದನ್ನ ಮೊದಲನೇ ಸಲ ನೋಡಾಕತ್ತೇನ್ರಿ" ಎಂದು ಪಕ್ಕದ ಝೆರಾಕ್ಸ್ ಅಂಗಡಿಯವರನ್ನೂ ಕರೆದು ತೋರಿಸಿದರು. ನನ್ನ ಹಳೆಯ ಫೈಲುಗಳನ್ನು ಸೀಡಿಗೆ ಇಳಿಸಿಕೊಂಡು, ನಕಲನ್ನು ಅಳಿಸಿ, ಹೊಸದನ್ನು ಹಾಕಿಕೊಟ್ಟರು. ಕೊನೆಯ ಹೆಜ್ಜೆಯೊಂದು ಮಾತ್ರ ಉಳಿಯಿತು. ಇದನ್ನು ಕಂಪನಿಯ ಬಳಿ ನೋಂದಾಯಿಸಿ ಚಾಲೂ ಮಾಡಿಸಬೇಕು. ನನ್ನ ಆಫೀಸಿನಲ್ಲಿ ಇಂಟರ್‌ನೆಟ್ಟು ಇರಲಿಲ್ಲ. ಅವರ ಇಂಟರ್‌ನೆಟ್ಟು ಆ ವಾರ ಕೆಟ್ಟಿತ್ತು. ಫೋನಿನಲ್ಲೂ ಮಾಡಬಹುದು, ಪರದೆಯ ಮೇಲೆ ಬರುವ ಉದ್ದನೆಯ ಸಂಖ್ಯೆಯನ್ನು ಕಂಪನಿಯವರಿಗೆ ಓದಿ ಹೇಳಬೇಕು, ಅವರು ಇನ್ನೊಂದು ಉದ್ದನೆಯ ಸಂಖ್ಯೆ ಹೇಳುತ್ತಾರೆ, ಅದನ್ನು ಒತ್ತಬೇಕು ಎಂದರು.

ಅಂಥ ಶುಭ ಮುಹೂರ್ತಕ್ಕೆ ಎದುರು ಪಾರ್ಟಿ ಇಲ್ಲದಿದ್ದರೆ ಹೇಗೆ? ಸಾಹುಕಾರರಿಗೆ ಬರಹೇಳಿದೆ. ಸುದ್ದಿ ಸವದತ್ತಿಗೂ ಮುಟ್ಟಿತು. ತಮ್ಮ ವಕೀಲೆಯನ್ನು ಆ ಮನುಷ್ಯನ ಜೊತೆ ಒಂಟಿಯಾಗಿ ಬಿಡಲು ಅಕ್ಕಾರಿಗೆ ಧೈರ್ಯವಿರಲಿಲ್ಲ, ಅವರೂ ರೊಟ್ಟಿ ಗಂಟು ಹಿಡಿದು ಬಂದರು. ಇಬ್ಬರೂ ಒಬ್ಬರನ್ನೊಬ್ಬರು ನೋಡದಂತೆ ಕುಳಿತರು.

ನನ್ನ ಮೊಬೈಲಿಗೆ ಕಿಟಕಿಯಲ್ಲಿ ಮಾತ್ರ ಸಿಗ್ನಲ್ಲು. ಲ್ಯಾಪ್‌ಟಾಪಿಗೆ ಬಾಗಿಲಲ್ಲಿ ಮಾತ್ರ ಕರೆಂಟು. ಹಾಗಾಗಿ ನಾನು ಕಂಪನಿಗೆ ಫೋನು ಹಚ್ಚಿ ಕಿಟಕಿಯಲ್ಲಿ ನಿಂತೆ, ಸಾಹುಕಾರರು ಬಾಗಿಲ ಬಳಿ ಕುಳಿತು ಸಂಖ್ಯೆ ಓದತೊಡಗಿದರು. ಅಕ್ಕಾರು ಅವರ ಭುಜದ ಹಿಂದೆ ನಿಂತು ಒಂದೊಂದು ಅಂಕಿಗೂ ಕಾವಲು.

"ಏಳು, ಸೊನ್ನಿ, ಸೊನ್ನಿ..."

"ಎರಡ ಅಲ್ಲ, ಮೂರು ಸೊನ್ನಿ ಅದಾವ. ಇಲ್ಲೂ ತೂಕದಾಗ ಹೊಡೀತೀರೇನ್ರಿ ಸಾವ್ಕಾರ್ರ?"

"ಬಿಟ್ರ ಓದತೇನಿ ಬೇ ಯಕ್ಕಾ!"

ಫೋನಿನ ಅತ್ತ ಕಡೆಯ ಹೆಣ್ಣುಮಗಳು ಹಿಂದಿ ಇಂಗ್ಲಿಷು ಬೆರೆಸಿ ಬಹಳ ಮೃದುವಾಗಿ ಮಾತಾಡುತ್ತಿದ್ದಳು. ಸಂಖ್ಯೆ ಮುಗಿದ ಮೇಲೆ, ಇದನ್ನು ಎಷ್ಟು ಕಂಪ್ಯೂಟರಿಗೆ ಹಾಕಿದ್ದೀರಿ ಎಂದು ಕೇಳಿದಳು. ನಾನು ಒಂದೇ ಎಂದೆ. ಕೋಣೆಯ ಆ ತುದಿಯಿಂದ ಸಾಹುಕಾರರು, "ಏಕ್ ಹೀ ಹೈ ಜೀ! ಮೈ ಗವಾಹ್ ಹೂಂ!" ಎಂದು ತಾವೇ ಸಾಕ್ಷಿಯಾಗಿ ಗುಡುಗಿದರು. ಆ ಹುಡುಗಿ ನಕ್ಕಳು. ಉತ್ತರದ ಸಂಖ್ಯೆ ಹೇಳಲು ಶುರುಮಾಡಿದಳು. ನಾನು ಕೂಗಿ ಹೇಳಿದ್ದನ್ನು ಸಾಹುಕಾರರು ಒಂದೇ ಬೆರಳಲ್ಲಿ ಒತ್ತುತ್ತ ಅರ್ಧದವರೆಗೆ ಬಂದಿರಬೇಕು. ಕರೆಂಟು ಹೋಯಿತು.

ಪರದೆ ಕಪ್ಪಾಯಿತು. ಫ್ಯಾನು ನಿಂತಿತು. "ಹಲೋ? ಹಲೋ?" ಎಂದಳು ಆ ಹುಡುಗಿ. ಕರೆಂಟು ಹೋಗಿದೆ, ಬಂದ ಮೇಲೆ ಮಾಡುತ್ತೇನೆ ಎಂದೆ. ಖಂಡಿತ, ಎಂದು ಸಮಾಧಾನ ಹೇಳಿ ಫೋನು ಇಟ್ಟಳು.

ಮೂವರೂ ಬೆವರುತ್ತ ಕುಳಿತೆವು. ಅಕ್ಕಾರು ಗಂಟು ಬಿಚ್ಚಿ ನನಗೆ ರೊಟ್ಟಿ, ಚಟ್ನಿ, ಮೊಸರು ಕೊಟ್ಟರು. ಆಮೇಲೆ ಬೇರೆ ಕಡೆ ನೋಡುತ್ತ, "ತಗೋರಿ. ಉಂಡ ಮನಿಶಾನ ಜೋಡಿ ಜಗಳಾ ಆಡಾಕ ಬರತೈತಿ" ಎಂದು ಸಾಹುಕಾರರಿಗೂ ಚಾಚಿದರು. ಅವರು ತಿಂದರು. ತಲೆದೂಗಿದರು. ಆಮೇಲೆ ಹಿಂಜರಿಯುತ್ತ ತಮ್ಮ ಚೀಲದಿಂದ ಒಂದು ಪೊಟ್ಟಣ ತೆಗೆದು, ಹಳದಿ ಲೇಬಲ್ಲಿನ ಮೇಲೆ ಅಂಗೈ ಮುಚ್ಚಿ ಹಿಡಿದುಕೊಂಡೇ ಅಕ್ಕಾರ ಮುಂದೆ ಚಾಚಿದರು.

"ನಮ್ಮ ಮನ್ಯಾಕಿ ಕುಟ್ಟಿದ್ದು. ಒಂದ ಸಲ ನೋಡ್ರಿ."

ಅಕ್ಕಾರು ಚಿಟಿಕೆ ಬಾಯಿಗೆ ಹಾಕಿಕೊಂಡರು. ಅವರ ದವಡೆ ಆಡುವುದನ್ನು ನಾವಿಬ್ಬರೂ ತೀರ್ಪಿಗೆ ಕಾದವರಂತೆ ನೋಡಿದೆವು.

"ಬಳ್ಳೊಳ್ಳಿ ಒಂದೀಟು ಜಾಸ್ತಿ ಆಗೇತಿ" ಎಂದರು. ಇನ್ನೊಂದು ಚಿಟಿಕೆ ತೆಗೆದುಕೊಂಡರು. "ಚಟ್ನಿ ಚಲೋ ಐತಲ್ಲೋ ಯಪ್ಪಾ! ಇಷ್ಟು ಚಲೋ ಮಾಡೂ ಹೆಣ್ಮಗಳಿಗೆ ನನ್ನ ಬಳಿ ಯಾಕ ತೊಡಿಸಿದಿ?"

ಸಾಹುಕಾರರು ನೆಲ ನೋಡಿದರು. "ಗಿರಾಕಿ ಬಂದು ಹಳದೀದ ಕೊಡ್ರಿ ಅಂತಿದ್ರು ಯಕ್ಕಾ. ಮನ್ಯಾಕಿದು ಇಟ್ರ ಯಾರೂ ಮುಟ್ಟವಲ್ರು. ಆಕಿ ಒಳಗ ಕುಂತು ಸಪ್ಪಗಾಗಿದ್ಲು. ಹಂಗಾಗಿ ಮಾಡಿದ್ನಿ" ಎಂದರು. ನೋಟೀಸಿನಲ್ಲಿ ನಾನು ಬಳಸಿದ ಒಂದು ಪದವೂ ಆ ಮುಖಕ್ಕೆ ಹೊಂದುತ್ತಿರಲಿಲ್ಲ.

ಕರೆಂಟು ಬಂತು. ಮತ್ತೆ ಫೋನು, ಮತ್ತೆ ಸೊನ್ನೆಗಳು. ಈ ಸಲ ಎತ್ತಿದ್ದು ಒಬ್ಬ ಗಂಡಸು. ಅವನಿಗೂ ಸಾಹುಕಾರರು ಗವಾಹಿ ಕೊಟ್ಟರು. ಅಕ್ಕಾರು ಅಂಕಿ ಹೇಳಿಕೊಟ್ಟರು, ಸಾಹುಕಾರರು ಒತ್ತಿದರು. ಪರದೆಯ ಮೇಲೆ ಧನ್ಯವಾದ ಮೂಡಿತು. ನಾವು ಮೂವರೂ ಮೂಲೆಯನ್ನೇ ನೋಡುತ್ತ ಕಾದೆವು. ಅಲ್ಲಿ ಗಡಿಯಾರವೊಂದನ್ನು ಬಿಟ್ಟು ಏನೂ ಬರಲಿಲ್ಲ.

"ಮಿಶಿನ್ ಗಪ್ಪಾತ್ರಿ" ಎಂದರು ಸಾಹುಕಾರರು. ಕೇಳದೆಯೇ ತಮ್ಮ ಪೊಟ್ಟಣದ ಹಳದಿ ಚೀಟಿಯನ್ನು ಉಗುರಿನಿಂದ ಎಬ್ಬಿಸಿ ಪರ್ ಎಂದು ಕಿತ್ತರು.

ಒಪ್ಪಂದ ಟೈಪು ಮಾಡಿ ಇಬ್ಬರಿಂದಲೂ ಸಹಿ ಹಾಕಿಸಿಕೊಂಡೆ. ಮುಂದೆ ಸಾಹುಕಾರರು ಕೆಂಪು ಲೇಬಲ್ಲಿನ ಮೇಲೆ ಹೆಂಡತಿಯ ಫೋಟೋ ಅಚ್ಚು ಹಾಕಿಸಿದರು. ಬೇರೆ ಫೋಟೋ ಸಿಗದೆ ಮತದಾರರ ಗುರುತಿನ ಚೀಟಿಯದ್ದನ್ನೇ ಕೊಟ್ಟಿದ್ದರಂತೆ. ಕೊಳ್ಳುವವರನ್ನು ಆಕೆ ಸಿಟ್ಟಿನಿಂದ ದಿಟ್ಟಿಸುತ್ತಿದ್ದರು. ಆದರೂ, ಅಥವಾ ಅದಕ್ಕೇ, ಪೊಟ್ಟಣಗಳು ಖರ್ಚಾದವು. ಅದನ್ನು ನೋಡಿದ ಅಕ್ಕಾರು ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲೇ ನಿಂತು ಕೇಳಿದರು:

"ತಂಗಿ, ನಾನೂ ಲೇಬಲ್ ಮ್ಯಾಲ ಫೋಟೋ ಹಾಕಿಸ್ಲೇನ?"

"ಹಾಕಿಸ್ರಿ ಅಕ್ಕಾರ. ಸಾವ್ಕಾರ್ರ ಕಡಿಂದ ನೋಟೀಸ್ ಬಂದ್ರ ನಾ ನೋಡ್ಕೋತೇನಿ."

ಅವರು ನಕ್ಕರು. ಅದೇ ಮಧ್ಯಾಹ್ನ ಬಜಾರಿನ ಸ್ಟುಡಿಯೋಕ್ಕೆ ನನ್ನನ್ನೂ ಎಳೆದುಕೊಂಡು ಹೋದರು. ಫೋಟೋ ಚೆನ್ನಾಗಿಯೇ ಬಂತು. ಲೇಬಲ್ಲಿಗೆ ಮಾತ್ರ ಹಾಕಿಸಲಿಲ್ಲ, "ಅಲ್ಲಿಗೆ ನನ್ನ ಬಳೀನ ಸಾಕು" ಎಂದು, ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಸವದತ್ತಿಯ ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಹೋದರು.