ಬಾಲಚುಕ್ಕಿಯ ಮೂರು ಫೋಟೊ

ಯಾದಗಿರಿಯ ಜಗದೇವಪ್ಪನ ಸ್ಟುಡಿಯೋದಲ್ಲಿ ಸತ್ತವರು ಕಣ್ಣು ತೆರೆಯುತ್ತಿದ್ದರು. ಮದುವೆಗೆ ಬಾರದ ಅಳಿಯ ಮದುವೆ ಫೋಟೊದಲ್ಲಿ ಬಂದು ನಿಲ್ಲುತ್ತಿದ್ದ. ಒಂದು ಫೋಟೊದವರನ್ನು ಇನ್ನೊಂದಕ್ಕೆ ಅಂಟಿಸುವ ಕೆಲಸದಲ್ಲಿ ಅವನನ್ನು ಮೀರಿಸುವವರು ಶಹಾಪುರ, ಸುರಪುರದವರೆಗೂ ಇರಲಿಲ್ಲ. ಜನ ಇಟ್ಟ ಹೆಸರೂ ಅಂಥದ್ದೇ: ಅಂಟು ಜಗದೇವ.

ಆ ಹೆಸರು ಅವನಿಗೆ ಕಾಲಲ್ಲಿ ಮುರಿದ ಮುಳ್ಳು. ೨೦೨೪ರ ಅಕ್ಟೋಬರಿನಲ್ಲಿ ಪಡುವಣಕ್ಕೆ ಬಾಲಚುಕ್ಕಿ ಬಂದಿದೆ ಎಂದು ಕೇಳಿದವನೇ ಹೈಸ್ಕೂಲಿಗೆ ಹೋಗಿ ಮುಖ್ಯೋಪಾಧ್ಯಾಯಿನಿ ಗುರುದೇವಿಯವರನ್ನು ಕಂಡ.

"ಅದರ ಫೋಟೊ ತೆಗದ್ರ ಸಾಲಿ ಗ್ವಾಡಿಗೆ ಹಾಕ್ತೀರೇನ್ರಿ ಮೇಡಂ?"

"ಖರೇ ಇದ್ರ ಹಾಕೋಣ, ತರ್ರಿ."

ತಾನು ತೆಗೆದ ಒಂದು ಖರೇ ಫೋಟೊ ನಾಲ್ಕು ಜನ ನೋಡುವಲ್ಲಿ ತೂಗಬೇಕು. ಅವನಿಗೆ ಬೇಕಾಗಿದ್ದು ಅಷ್ಟೇ.

ಮೂರು ಸಂಜೆ ಹತ್ತಿಕುಣಿ ಜಲಾಶಯದ ಒಡ್ಡಿನ ಮೇಲೆ ಕೂತ. ಎರಡು ಸಂಜೆ ಮೋಡ. ಮೂರನೆಯದು ತಿಳಿಯಾಗಿತ್ತು, ಆದರೆ ಹುಣ್ಣಿಮೆಗೆ ಒಂದು ದಿನ ಬಾಕಿಯಿದ್ದ ಚಂದ್ರ ಬೆನ್ನ ಹಿಂದೆ ಎದ್ದು ಆಕಾಶವನ್ನೆಲ್ಲ ಬೆಳ್ಳಗೆ ಬಳಿದುಬಿಟ್ಟಿದ್ದ. ಬರಿಗಣ್ಣಿಗೆ ಏನೂ ಹತ್ತಲಿಲ್ಲ. ದನ ಹೊಡೆದುಕೊಂಡು ಹೊರಟಿದ್ದ ಈಶಪ್ಪ ನಿಂತು, "ಏನ್ ಜಗದೇವಣ್ಣ, ಆಕಾಶಕ್ಕ ಮದಿವಿ ಐತೇನು?" ಎಂದು ನಕ್ಕು ಹೋದ.

ಜಗದೇವಪ್ಪ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂಡಿಸಿ ಅದರ ಕಣ್ಣನ್ನು ಎಂಟೆಂಟು ಸೆಕೆಂಡು ತೆರೆದಿಟ್ಟ. ಸಿಕ್ಕಿತು. ನೀರಿನ ಮೇಲುಗಡೆ, ಜೋಳದ ಗರಿಯಂಥ ಬಾಲ. ಹತ್ತತ್ತು ನಿಮಿಷ ಬಿಟ್ಟು ಮೂರು ತೆಗೆದ. ಒಂದಕ್ಕಿಂತ ಒಂದರಲ್ಲಿ ಚುಕ್ಕಿ ಕೆಳಗಿಳಿದಿತ್ತು. ಅಂಟಿಸಿದ್ದಲ್ಲ ಎನ್ನಲು ಅದೇ ಸಾಕ್ಷಿ.

ಮೂರನ್ನೂ ದೊಡ್ಡದಾಗಿ ಮಾಡಿಸಿ ಶಾಲೆಗೆ ಒಯ್ದ. ಗುರುದೇವಿ ಮೊದಲನೆಯದನ್ನಷ್ಟೇ ಹಿಡಿದು, ವರಾಂಡದಲ್ಲಿದ್ದ ಮಕ್ಕಳ ಎದುರೇ ಗೋಡೆಯ ಗ್ರೂಪ್ ಫೋಟೊಕ್ಕೆ ಬೆರಳು ಮಾಡಿದರು.

"ಅವತ್ತ ನಾ ರಜಾದಾಗ ಇದ್ದೆ. ನನ್ನ ನಡುವಿನ ಕುರ್ಚಿ ಮ್ಯಾಲ ಕೂಡಿಸಿದವ್ರು ಯಾರ್ರಿ?"

"ನೀವ ಹೇಳಿದ್ರಲ್ರಿ ಮೇಡಂ. ಇದು ಹಂಗಲ್ರಿ. ಮೂರೂ ಒಮ್ಮಿ ನೋಡ್ರಿ..."

"ನಾನ ಬಂದು ಕುಂತೀನಿ ಅಂದಮ್ಯಾಲ ಚುಕ್ಕಿ ಬರೋದು ಏನ್ ದೊಡ್ಡ ಮಾತ್ರಿ?"

ಮಕ್ಕಳು ಬಿದ್ದು ಬಿದ್ದು ನಕ್ಕರು. ಕೂಲಿಗೆ ಅಳುವವಳು ತನ್ನ ಗಂಡ ಸತ್ತು ಅತ್ತರೂ ಜನ ಕೇಳುವುದು ಕೂಲಿ ಎಷ್ಟೆಂದೇ. ಮೂರನ್ನೂ ಬಗಲಲ್ಲಿ ಹಿಡಿದು ಅವನು ಮರಳಿದ.

ಮರುವಾರ ಕರೆಮ್ಮ ಎಂಬಾಕೆ ಸತ್ತ ಗಂಡನ ಫೋಟೊ ತಂದಳು. ಅಂಗಡಿಯಲ್ಲಿ ತೂಗಿದ್ದ ಬಾಲಚುಕ್ಕಿಯ ಫೋಟೊ ಅವಳ ಕಣ್ಣಿಗೆ ಬಿತ್ತು.

"ಆ ನೀರು, ಬೆಳದಿಂಗಳ ಭಾಳ ಛಂದ ಅದಾವ್ರಿ ಅಣ್ಣ. ನಮ್ಮನಿಯವ್ರನ್ನ ಅದರಾಗ ನಿಲ್ಲಸ್ರಿ. ಮ್ಯಾಲ ಅದೇನೋ ಗೀರು ಬಿದ್ದೈತಿ, ಅದೊಂದು ಅಳಿಸಿಬಿಡ್ರಿ."

ಜಗದೇವಪ್ಪ ಅಳಿಸಿದ. ಅವನ ಕೈಯಲ್ಲವೇ, ಗುರುತೂ ಉಳಿಯಲಿಲ್ಲ.