ಬೀಗಿತ್ತಿಯ ಬೇಸಿಗೆ ಪ್ರವಾಸ

ತಮ್ಮನ ಅತ್ತೆ ನಮ್ಮ ಮನೆಗೆ ಬಂದದ್ದು ಏಪ್ರಿಲಿನಲ್ಲಿ. ನಮ್ಮ ಗುರುವಾಯನಕೆರೆಗೆ ಯಾರೂ ಬರಬಾರದ ತಿಂಗಳು ಅದು. ತಮ್ಮನಿಗೆ ಹಿಮಾಚಲದಲ್ಲಿ ಬ್ಯಾಂಕಿನ ಕೆಲಸ, ಮದುವೆಯಾದದ್ದೂ ಅಲ್ಲಿಯ ಹುಡುಗಿಯನ್ನೇ. ಹುಡುಗಿಯ ತಾಯಿ ಬೆಟ್ಟದ ಮೇಲಿನ ಶಾಲೆಯೊಂದರಲ್ಲಿ ಟೀಚರಾಗಿದ್ದವರು. ನಿವೃತ್ತಿಯಾದ ಕೂಡಲೇ ಅಳಿಯನ ಊರು ನೋಡಬೇಕೆಂದು ಹೊರಟರು. ಮಗಳಿಗೆ ರಜೆ ಸಿಗಲಿಲ್ಲ, ಅಳಿಯನಿಗೂ ಸಿಗಲಿಲ್ಲ. ಅವರು ಯಾರನ್ನೂ ಕಾಯದೆ ಒಬ್ಬರೇ ವಿಮಾನ ಹತ್ತಿದರು.

ಮಂಗಳೂರಿನ ವಿಮಾನ ನಿಲ್ದಾಣದ ಬಾಗಿಲಿನಿಂದ ಹೊರಗೆ ಕಾಲಿಟ್ಟವರು ಹಾಗೆಯೇ ನಿಂತುಬಿಟ್ಟರು. ಮುಖಕ್ಕೆ ಹಬೆ ಹೊಡೆದಂತಾಗಿರಬೇಕು. ಉಣ್ಣೆಯ ಕಾಲುಚೀಲ, ಹೆಗಲ ಮೇಲೆ ಶಾಲು. "ಇದು ದಿನವಿಡೀ ಹೀಗೆಯೇ ಇರುತ್ತದೆಯೇ?" ಎಂದು ಹಿಂದಿಯಲ್ಲಿ ಕೇಳಿದರು.

"ಸಂಜೆ ಸ್ವಲ್ಪ ಕಡಿಮೆಯಾಗುತ್ತದೆ ಆಂಟಿ" ಎಂದು ಸುಳ್ಳು ಹೇಳಿದೆ. ಬಂಟ್ವಾಳ ದಾಟುವಷ್ಟರಲ್ಲಿ ಶಾಲು ಚೀಲದೊಳಗೆ ಹೋಗಿತ್ತು.

ಮನೆಯಲ್ಲಿ ಇರುವುದು ಅಮ್ಮ ಮತ್ತು ನಾನು. ಪೇಟೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಉಂಟು. ಆಂಟಿ ಇರುವಷ್ಟು ದಿನ ಅದಕ್ಕೆ ಅರ್ಧ ದಿನದ ರಜೆ ಕೊಟ್ಟೆ. ಅಮ್ಮನಿಗೆ ಹಿಂದಿ ಬರುವುದಿಲ್ಲ, ಆಂಟಿಗೆ ಕನ್ನಡ ಬರುವುದಿಲ್ಲ. ಇಬ್ಬರ ನಡುವೆ ನಾನು. ಮೊದಲ ದಿನವೇ ಆ ಕೆಲಸ ಎಷ್ಟು ಕಷ್ಟದ್ದೆಂದು ಗೊತ್ತಾಯಿತು.

ಅಮ್ಮ ಬಾವಿಯ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಹಿತ್ತಾಳೆಯ ಚೆಂಬಿನಲ್ಲಿ ತಂದು ಕೊಟ್ಟಳು. ನಮ್ಮ ಜೈನರ ಮನೆಗಳಲ್ಲಿ ಸೋಸದ ನೀರನ್ನು ಯಾರೂ ಬಾಯಿಗೆ ಹಾಕುವುದಿಲ್ಲ. ಆಂಟಿ ಚೆಂಬನ್ನು ಕೈಯಲ್ಲಿ ಹಿಡಿದು, ಬಹಳ ಮರ್ಯಾದೆಯಿಂದ, ಕುದಿಸಿದ ನೀರು ಸಿಗಬಹುದೇ ಎಂದು ಕೇಳಿದರು. ಹೊಸ ಊರಿನಲ್ಲಿ ಕುದಿಸಿದ ನೀರನ್ನೇ ಕುಡಿಯಬೇಕೆಂದು ಅವರ ಡಾಕ್ಟರ್ ಹೇಳಿದ್ದರಂತೆ.

"ಎಂತ ಹೇಳ್ತಾರೆ?" ಎಂದಳು ಅಮ್ಮ.

"ಕುದಿಸಿದ ನೀರು ಬೇಕಂತೆ."

"ನಮ್ಮ ಬಾವಿಯ ನೀರಿಗೆ ಎಂತ ಆಗಿದೆ? ಊರಿಡೀ ಇದನ್ನೇ ಕುಡಿದು ಬದುಕಿಲ್ಲವಾ? ಹೇಳು ಅವರಿಗೆ."

ನಾನು ಆಂಟಿಯ ಕಡೆ ತಿರುಗಿ, "ಈಗಲೇ ಕುದಿಸಿ ತರುತ್ತಾರಂತೆ" ಎಂದೆ. ನೀರು ಕುದಿಸಿದವಳು ನಾನು.

ಮರುದಿನದಿಂದ ಅಮ್ಮನಿಗೆ ನೋಡಲು ಒಂದಲ್ಲ ಒಂದು ಸಿಗುತ್ತಿತ್ತು. ಆಂಟಿ ಸೊಳ್ಳೆಪರದೆ ತಂದಿದ್ದರು. ಸಂಜೆಯಾದರೆ ಮೈತುಂಬ ಬಟ್ಟೆ. ಅಂಗಳಕ್ಕಿಳಿಯುವಾಗ ಚಪ್ಪಲಿ, ಕೈಯಲ್ಲಿ ಟಾರ್ಚು. ಒಂದು ಸಂಜೆ ಗುಡುಗಿ ಸಣ್ಣ ಮಳೆಯೂ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಆಂಟಿ ಹಿತ್ತಿಲಲ್ಲಿ ಬಗ್ಗಿಕೊಂಡು ತೆಂಗಿನ ಗೆರಟೆಗಳನ್ನು ಒಂದೊಂದಾಗಿ ಕವುಚಿ ಹಾಕುತ್ತಿದ್ದಾರೆ. ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ, ಡೆಂಗಿ ಬರುತ್ತದೆ ಎಂದರು. ಅಮ್ಮ ಅಡುಗೆಮನೆಯ ಕಿಟಕಿಯಿಂದ ನೋಡಿ, "ಪಂಚಾಯತಿನವರು ಹೇಳಿದ್ರೂ ನಾನು ಮಾಡಿರಲಿಲ್ಲ. ಈಗ ಬೀಗಿತ್ತಿ ಬಂದು ನನ್ನ ಹಿತ್ತಿಲು ಗುಡಿಸ್ಬೇಕಾ?" ಎಂದಳು. ಅದನ್ನು ನಾನು ಅನುವಾದಿಸಲಿಲ್ಲ. ಆದರೆ ಅಮ್ಮ ಬಚ್ಚಲಿನ ಹಿಂದಿದ್ದ ಹಳೆಯ ಬಕೆಟನ್ನು ಸದ್ದಿಲ್ಲದೆ ಬೋರಲು ಹಾಕಿದ್ದು ಕಂಡೆ.

ಊಟದ ವಿಷಯದಲ್ಲಿ ಮಾತ್ರ ಜಗಳವೇ ಇರಲಿಲ್ಲ. ಬಿಸಿಬಿಸಿಯಾದದ್ದನ್ನೇ ತಿನ್ನಿ ಎಂದು ಡಾಕ್ಟರ್ ಹೇಳಿದ್ದರೆ, ಅಮ್ಮ ತಂಗಳನ್ನು ಯಾರಿಗೂ ಬಡಿಸುವವಳಲ್ಲ. ಮಧ್ಯಾಹ್ನ ಗಂಜಿ, ಚಟ್ನಿ. ನಡುವೆ ಪುನರ್ಪುಳಿಯ ಶರಬತ್ತು. ಆ ಕೆಂಪು ಹುಳಿ ಪಾನಕಕ್ಕೆ ಆಂಟಿ ಮನಸೋತುಬಿಟ್ಟರು. ಕುದಿಸಿದ ನೀರಿನಲ್ಲೇ ಮಾಡಿದ್ದು ಎಂದು ನಾನು ಪ್ರತಿಸಲ ಹೇಳಬೇಕಾಗುತ್ತಿತ್ತು. ಬೆವರುಸಾಲೆ ಎದ್ದು ಅವರ ಕುತ್ತಿಗೆ ಕೆಂಪಾದಾಗ ಅಮ್ಮನೇ ತನ್ನ ಹಳೆಯ ಹತ್ತಿ ಸೀರೆ ಕೊಟ್ಟಳು. "ಆ ದಪ್ಪ ಬಟ್ಟೆಯಲ್ಲಿ ಬೆಂದು ಹೋಗ್ತಾರೆ ಮಾರಾಯ್ತಿ" ಎಂದಳು.

ಆಮೇಲೆ ಮೂಡುಬಿದಿರೆಗೆ ಹೋದೆವು. ಸಾವಿರ ಕಂಬದ ಬಸದಿಯನ್ನು ಬೆಳಗ್ಗಿನ ತಂಪಿನಲ್ಲೇ ನೋಡಿ ಬಿಸಿಲೇರುವ ಮೊದಲು ಮನೆ ಸೇರುವ ಎಂಬುದು ನನ್ನ ಲೆಕ್ಕಾಚಾರ. ಬಸದಿಯನ್ನೇನೋ ಚೆನ್ನಾಗಿ ನೋಡಿದೆವು. ಆಂಟಿ ಕಂಬದಿಂದ ಕಂಬಕ್ಕೆ ಹೋಗಿ, ಒಂದರಂತೆ ಇನ್ನೊಂದಿಲ್ಲವಲ್ಲ ಎಂದು ಮುಟ್ಟಿ ಮುಟ್ಟಿ ನೋಡಿದರು. ಆದರೆ ಹೊರಗೆ ಬರುವಾಗ ಅಮ್ಮನಿಗೆ ದೂರದ ನೆಂಟರೊಬ್ಬರು ಸಿಕ್ಕಿದರು. ಅವರ ಮನೆಗೆ ಹೋಗದೆ ಬರುವುದುಂಟೇ? ಅಲ್ಲಿ ಮಾತು ಮುಗಿದು ಬಸ್‌ಸ್ಟ್ಯಾಂಡಿಗೆ ಬರುವಾಗ ಸೂರ್ಯ ನೆತ್ತಿಯ ಮೇಲಿದ್ದ. ರಸ್ತೆಯ ಡಾಂಬರು ಮೆತ್ತಗಾಗಿತ್ತು.

ಆಂಟಿ ಛತ್ರಿ ಬಿಡಿಸಿ ನಿಂತಿದ್ದರು. ದಾರಿಯುದ್ದಕ್ಕೂ ತಮ್ಮ ಬಾಟಲಿಯಿಂದ ಗುಟುಕು ಗುಟುಕಾಗಿ ಕುಡಿಯುತ್ತಲೇ ಬಂದಿದ್ದರು. ಅಮ್ಮನಿಗೆ ಕೊಡಲು ಹೋದರೆ ಅವಳು, "ನನಗೆ ಬೇಡ, ನನಗೆ ಈ ಸೆಕೆ ಅಭ್ಯಾಸ ಉಂಟು" ಎಂದು ತಲೆಯಾಡಿಸಿದ್ದಳು.

ನಮ್ಮ ಬಸ್ಸು ಬಂತೇ ಎಂದು ನಾನು ಆಚೆ ನೋಡುತ್ತಿದ್ದೆ. ಹಿಂದಿನಿಂದ ಅಮ್ಮ, "ಕಣ್ಣು ಕತ್ತಲೆ ಬರ್ತದೆ ಮಗಾ" ಎಂದದ್ದು ಕೇಳಿಸಿತು. ತಿರುಗುವಷ್ಟರಲ್ಲಿ ಅವಳು ಕುಸಿಯುತ್ತಿದ್ದಳು. ಆಂಟಿ ಛತ್ರಿ ಬಿಸಾಡಿ ಎರಡೂ ಕೈಯಿಂದ ಅವಳನ್ನು ಹಿಡಿದುಕೊಂಡಿದ್ದರು.

ನನಗೆ ಕೈಕಾಲು ಆಡಲಿಲ್ಲ. ಆಂಟಿಗೆ ಆಡಿತು. ಪಕ್ಕದ ಬಟ್ಟೆ ಅಂಗಡಿಯ ಜಗಲಿಯ ನೆರಳಿನಲ್ಲಿ ಅಮ್ಮನನ್ನು ಮಲಗಿಸಿ, ಕಾಲಡಿಗೆ ಚೀಲವಿಟ್ಟು ಎತ್ತರಿಸಿದರು. ಕರವಸ್ತ್ರ ಒದ್ದೆ ಮಾಡಿ ಕುತ್ತಿಗೆ, ಕಂಕುಳು ಒರೆಸಿದರು. ಸುತ್ತ ಸೇರಿದ ಜನರನ್ನು ಹಿಂದಿಯಲ್ಲೇ ಗದರಿದರು. ಅರ್ಥವಾಗದಿದ್ದರೂ ಎಲ್ಲರೂ ಹಿಂದೆ ಸರಿದರು, ತರಗತಿಯ ಮಕ್ಕಳ ಹಾಗೆ. ಅಂಗಡಿಯವರು ಟೇಬಲ್ ಫ್ಯಾನ್ ತಂದು ಇಟ್ಟರು. ಅಮ್ಮ ಕಣ್ಣು ಬಿಟ್ಟು ನನ್ನನ್ನು ಗುರುತಿಸಿ ಮಾತಾಡಿದ ಮೇಲೆ ಆಂಟಿ ಅವಳನ್ನು ಒರಗಿಸಿ ಕೂರಿಸಿ, ಬಾಟಲಿಗೆ ಓಆರ್‌ಎಸ್ ಪುಡಿ ಹಾಕಿ ಕಲಕಿ, ಸ್ವಲ್ಪ ಸ್ವಲ್ಪವೇ ಕುಡಿಸಿದರು. ಅಮ್ಮ ಕುಡಿದಳು. ಕುದಿಸಿದ ನೀರು ಅದು.

ಆಟೋದಲ್ಲಿ ಹತ್ತಿರದ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರಮ್ಮ ಬಿಪಿ ನೋಡಿ, "ಹೆದರುವಂಥದ್ದು ಎಂತದ್ದೂ ಇಲ್ಲ. ಸರಿಯಾದ ಹೊತ್ತಿಗೆ ನೆರಳಿಗೆ ತಂದಿದ್ದೀರಿ. ಬೆಳಿಗ್ಗೆಯಿಂದ ನೀರು ಎಷ್ಟು ಕುಡಿದಿದ್ದೀರಿ ಅಮ್ಮ?" ಎಂದು ಕೇಳಿದರು.

ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿ ಇಲ್ಲವೆಂದು ಕೈಯಾಡಿಸಿದಳು.

"ಒಂದು ಗುಟುಕೂ ಇಲ್ಲವಾ? ಯಾಕೆ?"

"ಬಸ್ಸಿನಲ್ಲಿ ಹೋಗುವಾಗ ನೀರು ಕುಡಿದ್ರೆ ಆಮೇಲೆ ಎಲ್ಲಿಗೆ ಹೋಗುವುದು?" ಎಂದಳು ಅಮ್ಮ, ಸೆರಗು ಬಾಯಿಗೆ ಇಟ್ಟುಕೊಂಡು.

ಆಂಟಿ ನನ್ನ ಮೊಣಕೈ ತಿವಿದರು. ಈ ಸಲ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದೆ. ಕೇಳಿದ್ದೇ ತಡ, ಅವರು ಜೋರಾಗಿ ನಕ್ಕುಬಿಟ್ಟರು. ಶಾಲೆಗೆ ಹೋಗುತ್ತಿದ್ದ ವರ್ಷಗಳಲ್ಲೆಲ್ಲ ಬೆಟ್ಟದ ಬಸ್ಸಿನಲ್ಲಿ ತಾನೂ ಹೀಗೆಯೇ ಮಾಡಿದ್ದೆ, ಕೊನೆಗೆ ಮೂತ್ರದ ಸೋಂಕು ತಗಲಿ ಆಸ್ಪತ್ರೆಯಲ್ಲಿ ಮಲಗಿದ ಮೇಲೆಯೇ ಬುದ್ಧಿ ಬಂದದ್ದು ಎಂದರು. ನಾನು ಅದನ್ನು ಕನ್ನಡಕ್ಕೆ ತಂದೆ. ಅಮ್ಮ ಅವರ ಮುಖವನ್ನೇ ನೋಡಿದಳು.

"ಅಲ್ಲಿಯೂ ಹೀಗೆಯಾ?" ಎಂದಳು. ಆಮೇಲೆ ಅವಳಿಗೂ ನಗು ಬಂತು. ಇಬ್ಬರೂ ನಗುತ್ತಲೇ ಇದ್ದರು. ಡಾಕ್ಟರಮ್ಮ ಇನ್ನೊಬ್ಬ ರೋಗಿಯನ್ನು ಕರೆಯಬೇಕೆಂದು ಬಾಗಿಲು ತೋರಿಸಬೇಕಾಯಿತು.

ಅಮ್ಮ ಸುಧಾರಿಸಿಕೊಂಡ ಮೇಲೆ ಧರ್ಮಸ್ಥಳಕ್ಕೆ ಹೊರಟೆವು, ಬೆಳಗ್ಗಿನ ಮೊದಲ ಬಸ್ಸಿನಲ್ಲಿ. ಅಮ್ಮ ಹೊರಡುವ ಮೊದಲು ನೀರು ಕುಡಿದಳು, ಬಸ್ಸಿನಲ್ಲೂ ಕುಡಿದಳು. ಇಳಿದ ಕೂಡಲೇ ಎದುರು ಸಿಕ್ಕಿದ ಹೆಂಗಸಿನ ಹತ್ತಿರ ಯಾವ ಸಂಕೋಚವೂ ಇಲ್ಲದೆ, "ಇಲ್ಲಿ ಶೌಚಾಲಯ ಎಲ್ಲಿ ಉಂಟು?" ಎಂದು ಕೇಳಿದಳು. ಜನಜಂಗುಳಿಯ ನಡುವೆ ಅಮ್ಮ ಅಷ್ಟು ಜೋರಾಗಿ ಆ ಪ್ರಶ್ನೆ ಕೇಳಿದ್ದನ್ನು ನಾನು ಆವತ್ತೇ ಮೊದಲು ಕೇಳಿದ್ದು.

ದೇವರ ದರ್ಶನವಾದ ಮೇಲೆ ನೇತ್ರಾವತಿಯ ಸ್ನಾನಘಟ್ಟಕ್ಕೆ ಹೋದೆವು. ಬೇಸಿಗೆಯಲ್ಲಿ ಬಡವಾಗಿದ್ದರೂ ನದಿ ಕಲ್ಲುಗಳ ನಡುವೆ ಹೊಳೆಯುತ್ತಿತ್ತು. ಆಂಟಿಗೆ ಎಲ್ಲಿಲ್ಲದ ಉಮೇದು ಬಂತು. ಸೀರೆ ಎತ್ತಿ ಹಿಡಿದು ನೀರಿಗೆ ಇಳಿದೇಬಿಟ್ಟರು. ನಡುವಿನ ಬಂಡೆಯವರೆಗೆ ಹೋಗಬೇಕಂತೆ.

"ಅಲ್ಲಿಗೆ ಬೇಡ. ಕಲ್ಲು ಜಾರ್ತದೆ, ಮುಂದೆ ಗುಂಡಿ ಉಂಟು" ಎಂದಳು ಅಮ್ಮ. ನಾನು ಬಾಯಿ ತೆರೆಯುವುದಕ್ಕೆ ಕಾಯದೆ ತಾನೇ ನೀರಿಗಿಳಿದು ಅವರ ಕೈ ಹಿಡಿದುಕೊಂಡಳು. ಆಂಟಿ ಹಿಂದಿಯಲ್ಲಿ ಇನ್ನೂ ಎರಡು ಹೆಜ್ಜೆ ಎಂದರು. ಅಮ್ಮ ಕನ್ನಡದಲ್ಲಿ ಒಂದು ಹೆಜ್ಜೆಯೂ ಇಲ್ಲ ಎಂದಳು. ಮೊಣಕಾಲಿನ ನೀರಿನಲ್ಲಿ ನಿಂತು ಇಬ್ಬರೂ ಹೀಗೆ ಬಹಳ ಹೊತ್ತು ವಾದ ಮಾಡಿದರು. ನಾನು ಮೆಟ್ಟಿಲ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದೆ. ಅವರಿಗೆ ನನ್ನ ಅಗತ್ಯವೇ ಬೀಳಲಿಲ್ಲ.